ಹಸಿರು ತುದಿ, ಕೇಸರಿ ತುದಿ

ಆ ಸಂಜೆ ಧನಶ್ರೀಯ ಕೈಯಲ್ಲಿದ್ದ, ಕೇಬಲ್ಲಿನ ತುದಿಗೆ ಪಿನ್ ಒತ್ತುವ ಕ್ರಿಂಪಿಂಗ್ ಟೂಲನ್ನು ಹಿಂದಿನಿಂದ ಬಂದ ಯಾರೋ ಸಲೀಸಾಗಿ ತೆಗೆದುಕೊಂಡುಬಿಟ್ಟರು.

"ಕೊಡ್ರಿ ಇಲ್ಲೆ. ಹಂಗ ಒತ್ತಿದ್ರ ಪಿನ್ ಕೂಡಂಗಿಲ್ಲ."

ತಿರುಗಿ ನೋಡಿದಳು. ಗುಂಗುರು ಕೂದಲು, ಇಸ್ತ್ರಿ ಮಾಡಿದ ಅಂಗಿ, ಕೇಳುವ ಮೊದಲೇ ಸಹಾಯಕ್ಕೆ ನಿಂತ ಮುಖ. ಅವನು ಕೇಬಲ್ಲಿನ ತುದಿಯನ್ನು ಒಂದೇ ಸಲಕ್ಕೆ ಒತ್ತಿ, ನಕ್ಕು, ವಾಪಸು ಕೊಟ್ಟ.

ಅವಳಿಗೆ ಸಿಟ್ಟು ಬಂತು. ಅದರ ಹಿಂದೆಯೇ ಎದೆ ಒಮ್ಮೆ ಹಾರಿತು. ಎದೆ ಹಾರಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

"ನಾ ಕಲೀಲಿಕ್ಕೆ ಬಂದೀನ್ರಿ. ಎಲ್ಲಾ ನೀವ ಮಾಡಿಕೊಟ್ರ ನಾ ಏನು ಕಲೀಲಿ?"

ಅವನ ನಗು ಅರ್ಧಕ್ಕೇ ನಿಂತಿತು. ಹೆಸರು ಪವಮಾನ ಎಂದೂ, ಚಿತ್ತಾಪುರದವನೆಂದೂ ಆಮೇಲೆ ತಿಳಿಯಿತು.

ಅದು 2004. ಶಹಾಬಾದಿನ ಒಂದು ಕಾಲೇಜಿನ ಮಹಡಿಯ ಮೇಲೆ, ಶೌಕತ ಅಲಿ ಸರ್ ಕಂಪ್ಯೂಟರ್ ನೆಟ್‌ವರ್ಕ್ ಡಿಪ್ಲೊಮಾದ ಸಂಜೆ ತರಗತಿ ನಡೆಸುತ್ತಿದ್ದರು. ಧನಶ್ರೀ ಹಗಲೆಲ್ಲ ವಾಡಿಯ ಖಾಸಗಿ ಶಾಲೆಯಲ್ಲಿ ಒಂದನೇ ಇಯತ್ತೆಗೆ ಪಾಠ ಹೇಳಿ, ಸೀಮೆಸುಣ್ಣದ ಕೈಯಲ್ಲೇ ರೈಲುಗಾಡಿ ಹಿಡಿದು ಬರುತ್ತಿದ್ದಳು. ಅಪ್ಪ ಆನಂದತೀರ್ಥರದು ಗುಡಿಯ ಪೂಜೆ. ಏನು ಕಲಿಯುತ್ತೀ ಎಂದು ಅವರು ಕೇಳಿದಾಗ, ಒಂದು ಕಂಪ್ಯೂಟರಿಗೆ ಇನ್ನೊಂದನ್ನು ಜೋಡಿಸುವುದು ಎಂದಿದ್ದಳು. "ಅಷ್ಟಕ್ಕ ಒಂದು ವರ್ಷ ಬೇಕೇನವಾ?" ಎಂದಿದ್ದರು ಅವರು.

ಒಂದು ವರ್ಷವೂ ಸಾಲದೇನೋ ಎಂದು ಅವಳಿಗೆ ಅನ್ನಿಸುತ್ತಿತ್ತು. ಬರೆದದ್ದನ್ನು ಮೂರು ಸಲ ತಿದ್ದುವ, ಬೀಗ ಹಾಕಿ ಎರಡು ಸಲ ಎಳೆದು ನೋಡುವ ಹುಡುಗಿ ಅವಳು. ಎಲ್ಲರಿಗೂ ತಿಳಿಯುತ್ತದೆ, ನನಗೊಬ್ಬಳಿಗೇ ತಡ... ಎಂಬ ಅಳುಕು ಯಾವಾಗಲೂ ಜೊತೆಗಿರುತ್ತಿತ್ತು.

ಪವಮಾನನಿಗೆ ಎಲ್ಲವೂ ಬೇಗ ತಿಳಿಯುತ್ತಿತ್ತು. ವಾಡಿಯವರೆಗೆ ಇಬ್ಬರೂ ಒಂದೇ ಗಾಡಿ. ಅವನು ಅವಳಿಗೆ ಸೀಟು ಹಿಡಿಯುತ್ತಿದ್ದ, ಕೇಳದೆಯೇ ನೋಟ್ಸು ಬರೆದುಕೊಡುತ್ತಿದ್ದ, ಕೇಳದೆಯೇ ಶೇಂಗಾ ಕೊಡಿಸುತ್ತಿದ್ದ. ಅವಳು ಬೈಯುತ್ತಲೇ ತಿನ್ನುತ್ತಿದ್ದಳು. ಅವನು ಬಾರದ ದಿನ ಡಬ್ಬಿಯ ಬಾಗಿಲ ಕಡೆಗೇ ಅವಳ ಕಣ್ಣು.

ವಾಡಿಯ ಸಿಮೆಂಟ್ ಕಾರ್ಖಾನೆಯೊಂದು ನೆಟ್‌ವರ್ಕ್ ಸಹಾಯಕರನ್ನು ಕರೆದಿತ್ತು. ಡಿಪ್ಲೊಮಾ ಪಾಸಾಗಿರಬೇಕು ಅಷ್ಟೇ. ಧನಶ್ರೀ ಅರ್ಜಿ ಹಾಕಿದಳು. ಇದೊಂದು ಸಿಕ್ಕರೆ, ನನ್ನ ಕೈಗೂ ಏನೋ ಬರುತ್ತದೆ ಎಂದು ನಾನೇ ನಂಬಬಹುದು...

ಕೊನೆಯ ಪ್ರಾಯೋಗಿಕ ಪರೀಕ್ಷೆ ಭಾನುವಾರ ಬಿತ್ತು. ಬೆಳಿಗ್ಗೆ ಪ್ರತಿಯೊಬ್ಬರೂ ಒಂದು ಕೇಬಲ್ ಮಾಡಿ, ಹೆಸರಿನ ಚೀಟಿ ಅಂಟಿಸಿ ಮೇಜಿನ ಮೇಲೆ ಇಡಬೇಕು. ಊಟದ ನಂತರ ಹೊರಗಿನ ಪರೀಕ್ಷಕರು ತಪಾಸಣೆ ಮಾಡುತ್ತಾರೆ.

ಕೇಬಲ್ಲಿನೊಳಗೆ ಎಂಟು ಬಣ್ಣದ ತಂತಿಗಳು. ಅವನ್ನು ಜೋಡಿಸುವ ಕ್ರಮ ಎರಡು: ಒಂದು ಹಸಿರಿನಿಂದ ಶುರು, ಇನ್ನೊಂದು ಕೇಸರಿಯಿಂದ. ಯಾವುದಾದರೂ ಸರಿಯೇ, ಆದರೆ ಎರಡೂ ತುದಿಗೆ ಒಂದೇ ಕ್ರಮ ಇರಬೇಕು. ತರಗತಿಯವರೆಲ್ಲ ಕೇಸರಿ ಹಿಡಿದಿದ್ದರು. ಧನಶ್ರೀ ಪುಸ್ತಕದಲ್ಲಿ ಮೊದಲು ಬರುವ ಹಸಿರನ್ನೇ ಎರಡೂ ತುದಿಗೆ ಹಾಕಿ, ಟೆಸ್ಟರಿಗೆ ಸಿಕ್ಕಿಸಿದಳು. ಎಂಟು ದೀಪಗಳೂ ಸಾಲಾಗಿ ಹತ್ತಿದವು. ಖುಷಿಯಿಂದ ಬುತ್ತಿ ಬಿಚ್ಚಲು ಹೋದಳು.

ಊಟದ ನಂತರ ಅದೇ ಕೇಬಲ್ಲಿನ ದೀಪಗಳು ಅಡ್ಡಾದಿಡ್ಡಿ ಹತ್ತಿದವು. ಪರೀಕ್ಷಕರು ಎರಡೂ ತುದಿ ಅವಳ ಮುಂದೆ ಹಿಡಿದರು. ಒಂದು ಹಸಿರು, ಇನ್ನೊಂದು ಕೇಸರಿ.

ನಾನು ನೋಡಿದ್ದೇನೆ ಸರ್, ಸರಿಯಾಗಿಯೇ ಇತ್ತು, ಎಂದು ಅವಳು ಹೇಳಿಯೇ ಹೇಳಿದಳು. ಅವರು ಚೀಟಿಯ ಮೇಲಿನ ಹೆಸರಿಗೆ ಬೆರಳಿಟ್ಟು, ಹಾಗಾದರೆ ಇದು ಯಾರದು ಎಂದರು. 

ನಪಾಸು.

ನಾನು ನಿಜಕ್ಕೂ ಪರೀಕ್ಷಿಸಿದ್ದೆನೇ? ಅಥವಾ ಪರೀಕ್ಷಿಸಿದೆ ಎಂದುಕೊಂಡೆನೇ? ಮನೆಯಲ್ಲಿ ಕೂತು ತುಂಡು ತಂತಿಗಳನ್ನು ಜೋಡಿಸಿದಳು, ಬಿಚ್ಚಿದಳು, ಮತ್ತೆ ಜೋಡಿಸಿದಳು. ಹೆಬ್ಬೆರಳಿನ ಉಗುರು ಸೀಳಿತು. ಶಾಲೆಯಲ್ಲಿ ಮಕ್ಕಳ ಮಗ್ಗಿ ತಿದ್ದುವಾಗಲೂ ಇದು ಸರಿಯೇ ಎಂದು ಕೈ ನಿಲ್ಲತೊಡಗಿತು. ಪವಮಾನ ಎರಡು ಸಲ ಎದುರಾದ. ಎರಡು ಸಲವೂ ಮುಖ ತಪ್ಪಿಸಿ ಹೋದ. ನಪಾಸಾದವಳ ಜೊತೆ ಯಾರು ನಿಲ್ಲುತ್ತಾರೆ, ಎಂದುಕೊಂಡಳು.

ಎಂಟನೆಯ ದಿನ ಪುಸ್ತಕಗಳನ್ನು ಮರಳಿಸಿ ಎಲ್ಲವನ್ನೂ ಬಿಟ್ಟುಬಿಡೋಣವೆಂದು ಶಹಾಬಾದಿಗೆ ಬಂದಳು. ಮೆಟ್ಟಿಲ ಮೇಲೆ ಅವನು ಒಂದು ಕಾಗದ ಹಿಡಿದು ನಿಂತಿದ್ದ.

"ಧನಶ್ರೀಯವ್ರ... ಆವತ್ತು ನಿಮ್ಮ ಕೇಬಲ್ ಸರಿ ಇತ್ತು."

ಅವಳಿಗೆ ಅರ್ಥವಾಗಲಿಲ್ಲ.

ಅವನು ತಡವರಿಸುತ್ತ ಹೇಳಿದ. ಎಲ್ಲರೂ ಊಟಕ್ಕೆ ಹೋದಾಗ ಮೇಜಿನ ಮೇಲೆ ಅವಳ ಕೇಬಲ್ಲಿನ ಒಂದು ತುದಿ ಕಂಡಿತ್ತು. ಹಸಿರಿನಿಂದ ಶುರು. ಎಲ್ಲರಂತೆ ಕೇಸರಿ ಹಿಡಿದವಳು ಗಾಬರಿಯಲ್ಲಿ ಈ ತುದಿ ತಪ್ಪಿದ್ದಾಳೆ ಎಂದುಕೊಂಡು ಅದನ್ನು ಕತ್ತರಿಸಿ, ಕೇಸರಿಯ ಕ್ರಮದಲ್ಲಿ ಹೊಸದಾಗಿ ಒತ್ತಿಟ್ಟಿದ್ದ. ಸುರುಳಿಯೊಳಗಿದ್ದ ಇನ್ನೊಂದು ತುದಿಯೂ ಹಸಿರೇ ಎಂದು ನೋಡಿರಲಿಲ್ಲ.

ಧನಶ್ರೀ ಗೋಡೆಗೆ ಒರಗಿದಳು.

"ಎಂಟು ದಿನ. ಎಂಟು ದಿನ ನಾ ನನ್ನ ಕೈನ ನಂಬ್ಲಿಲ್ಲ ಪವಮಾನ. ನೀವು ಬಾಯಿ ಮುಚಗೊಂಡು ತಿರುಗಿದ್ರಿ."

"ಅಂಜಿದೆ. ನೀವು ಇನ್ನ ಮಾತಾಡಂಗಿಲ್ಲ ಅಂತ ಅಂಜಿದೆ." ಅವನು ಕಾಗದ ಚಾಚಿದ. "ಎಲ್ಲಾ ಬರದೀನಿ. ಸರ್‌ಗೆ ಕೊಡ್ಲ್ಯಾ? ನಿಮ್ಮನ್ನ ಕೇಳದ ಕೊಡೂದು ಬ್ಯಾಡ ಅಂತ ನಿಂತೀನಿ."

"ಕೊಡ್ರಿ," ಎಂದಳು. ಕಣ್ಣೊರೆಸಿಕೊಳ್ಳಲಿಲ್ಲ.

ಶೌಕತ ಅಲಿ ಸರ್ ಕಾಗದ ಓದಿ ಮಡಚಿಟ್ಟರು. "ಅರೆ ಬೇಟಾ, ಮದತ್ ಮಾಡ್ಲಿಕ್ಕೂ ಮಂದೀನ ಕೇಳಬೇಕಾಗ್ತದ," ಎಂದರು. ಪವಮಾನನ ಪರೀಕ್ಷೆ ರದ್ದಾಯಿತು, ಇನ್ನು ಆರು ತಿಂಗಳು ಹೊಸಬರ ಜೊತೆ ಕೂರಬೇಕು. ಧನಶ್ರೀಗೆ ಶುಕ್ರವಾರ ಮರುಪರೀಕ್ಷೆ ಸಿಕ್ಕಿತು. ಎರಡೂ ತುದಿಗೆ ಹಸಿರನ್ನೇ ಹಾಕಿ ಪಾಸಾದಳು. ಶನಿವಾರ ಸಂದರ್ಶನ, ಮುಂದಿನ ತಿಂಗಳು ಕೆಲಸ.

ಅವನ ಜೊತೆ ಮಾತ್ರ ಮಾತಾಡಲಿಲ್ಲ. ಕಾರ್ಖಾನೆಯಲ್ಲಿ ಮೊದಲ ಸಲ ತಾನೊಬ್ಬಳೇ ಇಡೀ ಕಚೇರಿಯ ನೆಟ್‌ವರ್ಕ್ ಸರಿಪಡಿಸಿದ ದಿನ, ಆ ಸುದ್ದಿಯನ್ನು ಹೇಳಬೇಕೆನ್ನಿಸಿದ್ದು ಅವನೊಬ್ಬನಿಗೇ. ಅದಕ್ಕೂ ಸಿಟ್ಟು ಬಂತು.

ಎರಡು ತಿಂಗಳ ಮೇಲೆ ಪ್ರಮಾಣಪತ್ರ ತರಲು ಶಹಾಬಾದಿಗೆ ಹೋದಳು. ಕಿರಿಯರ ನಡುವೆ ಹಿಂದಿನ ಬೆಂಚಿನಲ್ಲಿ ಅವನೊಬ್ಬ ದೊಡ್ಡವನು. ಅವಳು ಪ್ರಮಾಣಪತ್ರ ಪಡೆದು ಹೊರಟಳು. ಸ್ಟೇಷನ್ನಿಗೆ ಬಂದು ನಿಂತರೆ, ಅವನೂ ಬಂದು ನಾಲ್ಕು ಹೆಜ್ಜೆ ದೂರ ನಿಂತ. ಗಾಡಿ ತಡವಿತ್ತು.

"ನಮ್ಮ ಅಮ್ಮನ್ನ ನಿಮ್ಮ ಮನೀಗೆ ಕಳಸಬೇಕಂತ ಮಾಡೀನಿ," ಎಂದ ಕೊನೆಗೆ.

"ಯಾಕ?"

"ಹಿರೇರು ಕೂತು ಮಾತಾಡ್ತಾರಂತ."

"ನೋಡ್ರಿ, ಮತ್ತ ಅದ ಚಾಳಿ. ನನ್ನ ಕೇಳೀರೇನು?"

ಅವನು ಕೆಂಪಾದ. ನಾಲ್ಕು ಹೆಜ್ಜೆಯಲ್ಲಿ ಎರಡನ್ನು ದಾಟಿದ.

"ಕೇಳ್ತೀನಿ. ಧನಶ್ರೀ, ನನ್ನ ಲಗ್ನ ಆಗ್ತೀರೇನು?"

ಅವಳು ಹಳಿಗಳ ಕಡೆ ನೋಡಿದಳು. 

"ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಗೊತ್ತದ. ಎಷ್ಟು ದಿನ ಬೇಕು?"

"ಭಾಳ ದಿನ ಬೇಕು. ಹಿಂಗ ಸ್ಟೇಷನ್ನಿನ್ಯಾಗ ನಿಂತು ತೀರೂದಲ್ಲ. ಒಂದ ಮನ್ಯಾಗ ಇರಬೇಕಾಗ್ತದ."

ಅರ್ಥವಾಗಲು ಅವನಿಗೆ ಒಂದು ಕ್ಷಣ ಹಿಡಿಯಿತು. ಬೇಗ ತಿಳಿಯುವವನಿಗೆ ಇದೊಂದು ತಡವಾಗಿ ತಿಳಿಯಿತು.

"ಅಂದ್ರ... ಅಮ್ಮನ್ನ ಕಳಸ್ಲ್ಯಾ?"

"ಈಗ ಕಳಸ್ರಿ," ಎಂದಳು ಧನಶ್ರೀ.