ಮುನ್ನೂರಕ್ಕೆ ಒಂದು ಕಮ್ಮಿ

"ನಾನು ಹೊಡೆದದ್ದು ಹಿಟ್ ಅಲ್ಲ ಅಂತ ಬರೆದ ಮಹಾನುಭಾವರು ಯಾರು?"

ಬೇಸ್‌ಬಾಲ್ ಮೈದಾನದ ಸ್ಕೋರು ಬರೆಯುವ ಅಟ್ಟಕ್ಕೆ ಮರದ ಏಣಿ ದಡದಡ ಹತ್ತಿ ಬಂದವನ ಮೈತುಂಬ ಧೂಳು. ಮುದುಕ ಜೋಸೆಫ್ ಕುಚೇರಾ ಅವರ ಹತ್ತಿರ ಜಗಳ ಆಡೋದಕ್ಕೇ ಬಂದಿದ್ದ. ಅವರೂ ಅಲ್ಲೇ ಇದ್ದರು, ಕಪ್ಪು ಕನ್ನಡಕ ಹಾಕಿಕೊಂಡು, ಮೈದಾನದ ಕಡೆ ಮುಖ ಮಾಡಿ. ಆದರೆ ಪೆನ್ಸಿಲ್ ಇದ್ದದ್ದು ಪಕ್ಕದಲ್ಲಿ ಕೂತ ಮಗಳು ವೆರ್ನಾಳ ಕೈಯಲ್ಲಿ.

ಅವಳು ಪೆನ್ಸಿಲನ್ನು ಹಾಳೆಗೆ ಒತ್ತಿದಳು. 'ಮುಗೀತು... ಗುಟ್ಟು ರಟ್ಟಾಯ್ತು.'

"ಅಪ್ಪಂಗೆ ಈಗ ಕಣ್ಣು ಕಾಣಲ್ಲ," ಅಂದಳು ಮೆಲ್ಲಗೆ. "ಊರಿಗೆ ಗೊತ್ತಿಲ್ಲ. ಗೊತ್ತಾದ್ರೆ ಈ ಕೆಲಸ ಅವರ ಕೈಬಿಟ್ಟು ಹೋಗುತ್ತೆ. ಅವರಿಗೆ ಉಳಿದಿರೋದು ಇದೊಂದೇ."

ಏಣಿ ಹತ್ತಿ ಬಂದ ಲೈಲ್ ಬ್ಯಾಸೆಟ್, ಅವರಿಬ್ಬರನ್ನೂ ಒಂದು ಗಳಿಗೆ ನೋಡಿದ. ಟೋಪಿ ತೆಗೆದ.

"ನಾನು ಇಲ್ಲಿಗೆ ಬಂದೇ ಇಲ್ಲ," ಅಂದು ಇಳಿದ. ಮೂರು ಮೆಟ್ಟಿಲು ಇಳಿದವನು ಮತ್ತೆ ತಲೆ ಮೇಲೆತ್ತಿದ. "ಆದ್ರೂ ಅದು ಹಿಟ್ಟೇ."

ಅಪ್ಪ ನಕ್ಕರು. ವೆರ್ನಾ ನಗಲಿಲ್ಲ. ಅವಳ ಪೆನ್ಸಿಲ್ ತುದಿ ಮುರಿದಿತ್ತು.

ನಮ್ಮ ಪುಟ್ಟ ಊರು ಪ್ಲಮ್ ಫೋರ್ಕ್‌ನಲ್ಲಿ ಲಾರ್ಕ್ಸ್ ಅನ್ನೋ ಬೇಸ್‌ಬಾಲ್ ಟೀಮು ಬದುಕಿದ್ದು ಎರಡೇ ಬೇಸಿಗೆ, ಸಾವಿರದ ಒಂಬೈನೂರ ನಲವತ್ತೊಂಬತ್ತು ಮತ್ತು ಐವತ್ತು. ಅಮೆರಿಕದ ನೆಬ್ರಾಸ್ಕಾದಲ್ಲಿ ಅಂಥ ಊರಿಗೊಂದು ಟೀಮು ಹುಟ್ಟಿದ ಕಾಲ ಅದು. ಹಳೇ ಹಂದಿ ಸಂತೆಯ ಕೊಟ್ಟಿಗೆ ಕೆಡವಿ, ಅದರ ಹಲಗೆಗಳಲ್ಲೇ ಜನ ಕೂರೋ ಮೆಟ್ಟಿಲ ಸಾಲು ಕಟ್ಟಿದೆವು. ಬಿಸಿಲೇರಿದರೆ ಹಳೇ ವಾಸನೆ ಮೇಲೇಳುತ್ತಿತ್ತು. ಮೊದಲ ದಿನ ಎಂಟುನೂರು ಜನ ಬಂದಿದ್ದರು. ಕೊನೆಯ ದಿನ ನಾನೇ ಎಣಿಸಿದ್ದೆ, ಅರವತ್ತೊಂದು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಹೊಡೆದ ಚೆಂಡು ಎದುರಾಳಿಗೆ ಸಿಗದಂತೆ ಹೋದರೆ ಹೊಡೆದವನಿಗೆ ಒಂದು ಹಿಟ್. ಸಿಗಬೇಕಾದ ಚೆಂಡನ್ನು ಎದುರಾಳಿ ಕೈಚೆಲ್ಲಿದರೆ ಅದು ಅವನ ತಪ್ಪು, ಹೊಡೆದವನಿಗೆ ಏನೂ ಇಲ್ಲ. ಇದನ್ನು ತೀರ್ಮಾನಿಸುವುದು ಅಂಪೈರ್ ಅಲ್ಲ, ಸ್ಕೋರು ಬರೆಯುವವರು. ಅವರ ಮಾತೇ ಕೊನೆ. ಅನುಮಾನ ಇದ್ದರೆ ಹೊಡೆದವನಿಗೇ ಕೊಡಬೇಕು ಅನ್ನೋದು ನಮ್ಮ ಮೈದಾನದ ಪದ್ಧತಿ.

ಆ ಮೊದಲ ಬೇಸಿಗೆಯೆಲ್ಲ ಲೈಲ್ ಗುಟ್ಟು ಕಾಪಾಡಿದ. ಭಾನುವಾರ ಚರ್ಚು ಮುಗಿಸಿ ಈಗ ವೆರ್ನಾಳೇ ನಡೆಸುತ್ತಿದ್ದ ಕುಚೇರಾ ಅವರ ಪುಟ್ಟ ಪತ್ರಿಕೆಯ ಕಚೇರಿಗೆ ಬರುತ್ತಿದ್ದ. ಮುದುಕರಿಗೆ ಬೇರೆ ಊರಿನ ಪತ್ರಿಕೆಗಳನ್ನು ಓದಿ ಹೇಳುತ್ತಿದ್ದ, ವೆರ್ನಾ ಬೇಯಿಸಿದ ಪ್ಲಮ್ ಹಣ್ಣು ತುಂಬಿದ ಕೊಲಾಚೆ ಬನ್ನುಗಳನ್ನು ಒಂದಾದ ಮೇಲೊಂದು ಮುಗಿಸುತ್ತಿದ್ದ. ಹೋಗುವಾಗ ಅವಳ ಕೆನ್ನೆಗೆ ಮೆತ್ತಿದ ಅಚ್ಚಿನ ಮಸಿ ತೋರಿಸಿ, ಇಲ್ಲಿ, ಅಲ್ಲ ಇಲ್ಲಿ, ಅನ್ನುತ್ತಿದ್ದ. ಒರೆಸಲು ಅವನ ಕೈ ಮುಂದೆ ಬರಲಿಲ್ಲ. ಬರಲಿ ಅಂತ ಅವಳು ಎಷ್ಟು ಕಾದಳೋ...

ಹೀಗಿರುವಾಗ ಒಂದು ದಿನ ಮಾಂಸದಂಗಡಿಯಲ್ಲಿ ಆ ಮಾತು ಅವಳ ಕಿವಿಗೆ ಬಿತ್ತು. ಟೀಮಿನ ಮ್ಯಾನೇಜರ್ ಗಸ್ ಟಿಲ್‌ಮನ್ ಅವಳನ್ನು ನೋಡದೆ ಹೇಳುತ್ತಿದ್ದ, "ಕುಚೇರಾ ಮಗಳಿಗೆ ನಮ್ಮ ಲೈಲ್ ಮೇಲೆ ಮನಸ್ಸಂತೆ. ಇನ್ನೇನು, ಅವನು ಕೆಮ್ಮಿದ್ರೂ ಅಪ್ಪನ ಕೈಲಿ ಹಿಟ್ ಬರೆಸ್ತಾಳೆ ಬಿಡಿ."

ಎಲ್ಲರೂ ನಕ್ಕರು.

ವೆರ್ನಾ ಮಾಂಸ ಕೊಳ್ಳದೆ ಹೊರಗೆ ನಡೆದಳು. ಅಂದಿನಿಂದ ಲೈಲ್‌ನ ಚೆಂಡು ಅನುಮಾನಕ್ಕೆ ಬಂದಾಗಲೆಲ್ಲ ಅವಳ ಪೆನ್ಸಿಲ್ ಅವನಿಗೆ ವಿರುದ್ಧವಾಗಿಯೇ ಓಡಿತು. ಬೇರೆಯವರಿಗೆ ಪದ್ಧತಿಯಂತೆ ಕೊಟ್ಟಳು. ಅವನಿಗೆ ಒಮ್ಮೆಯೂ ಕೊಡಲಿಲ್ಲ. ಅದನ್ನೇ ಅವಳು ನ್ಯಾಯ ಅಂದುಕೊಂಡಿದ್ದಳು, ಪಾಪ.

ಎರಡನೇ ಬೇಸಿಗೆಗೆ ಟೀಮು ಸೊರಗಿತು. ಇಬ್ಬರು ಹುಡುಗರನ್ನು ಕೊರಿಯಾ ಯುದ್ಧಕ್ಕೆ ಕರೆದರು. ಬಸ್ಸಿನ ಇಂಜಿನ್ ಸತ್ತಿತು. ಆಗಸ್ಟಿನಲ್ಲಿ ಲಾರ್ಕ್ಸ್ ಮುಚ್ಚುತ್ತಾರೆ ಅಂತ ಖಚಿತವಾಯಿತು. ಎಲ್ಲರೂ ಅವರವರ ದಾರಿ ಹುಡುಕತೊಡಗಿದರು.

ಲೈಲ್‌ಗೆ ಒಂದೇ ದಾರಿ ಇತ್ತು. ಹಿಂದಿನ ಯುದ್ಧ ಅವನ ನಾಲ್ಕು ವರ್ಷ ತಿಂದಿತ್ತು, ವಯಸ್ಸು ಇಪ್ಪತ್ತಾರು. ಮೇಲಿನ ದರ್ಜೆಯ ಟೀಮಿನವರು ಗಸ್‌ಗೆ ಹೇಳಿ ಕಳಿಸಿದ್ದರು, ಸಾವಿರ ಬ್ಯಾಟಿಂಗ್ ಸರದಿಗೆ ಮುನ್ನೂರು ಹಿಟ್‌ನ ಸರಾಸರಿ ಇದ್ದರೆ ಕರೆದುಕೊಳ್ಳುತ್ತೇವೆ, ಒಂದು ಕಮ್ಮಿ ಇದ್ದರೂ ಈ ವಯಸ್ಸಿನವನು ಬೇಡ ಅಂತ.

ಕೊನೆಯ ಭಾನುವಾರ, ಕೊನೆಯ ಸರದಿ. ಅಲ್ಲಿವರೆಗೆ ಅವನದು ನಾನೂರು ಸರದಿಗೆ ನೂರ ಇಪ್ಪತ್ತು ಹಿಟ್. ಸರಿಯಾಗಿ ಮುನ್ನೂರು.

ಕೂತ್ಕೊಂಡು ಬಿಡೋ, ಮುನ್ನೂರು ಉಳಿಯುತ್ತೆ, ಬೇರೆಯವನನ್ನು ಕಳಿಸ್ತೀನಿ, ಅಂತ ಗಸ್ ಅಂಗಲಾಚಿದ. ಲೈಲ್ ಬ್ಯಾಟು ಎತ್ತಿಕೊಂಡು ನಡೆದ.

ಚೆಂಡು ಮೂರನೇ ಬೇಸ್ ಗುರುತಿನ ಕಡೆ ನೆಲ ಹಿಡಿದು ಓಡಿತು. ಅಲ್ಲಿದ್ದವನು ಬಗ್ಗಿದ. ಚೆಂಡು ಅವನ ಕೈಗವಸಿಗೆ ತಗುಲಿ, ಕಾಲ ಸಂದಿಯಲ್ಲಿ ನುಸುಳಿ ಹೋಯಿತು.

ಲೈಲ್ ಮೊದಲ ಬೇಸಿನಲ್ಲಿ ನಿಂತು ಮೇಲೆ ಅಟ್ಟದ ಕಡೆ ನೋಡಿದ. ಅರವತ್ತೊಂದು ಜನರೂ ನೋಡಿದರು.

"ಏನಾಯ್ತು ಮಗಳೇ?" ಅಂದರು ಅಪ್ಪ.

ವೆರ್ನಾ ತಲೆ ಎತ್ತಲಿಲ್ಲ. "ತಪ್ಪು," ಅಂದಳು. "ಹಿಟ್ ಅಲ್ಲ."

ನಾನೂರ ಒಂದು ಸರದಿಗೆ ನೂರ ಇಪ್ಪತ್ತೇ. ಮುನ್ನೂರಕ್ಕೆ ಒಂದು ಕಮ್ಮಿ.

ಮರುದಿನ ಬೆಳಿಗ್ಗೆ ಅವಳು ಕಚೇರಿಯಲ್ಲಿ ಆ ಸ್ಕೋರು ಹಾಳೆಯ ಮುಂದೆಯೇ ಕೂತಿದ್ದಳು. ಹನ್ನೆರಡರ ಬಸ್ಸಿನ ಟಪಾಲಿನಲ್ಲಿ ಅದು ಲೀಗಿನ ಕಚೇರಿಗೆ ಹೋಗಬೇಕು. ಹೋಗುವವರೆಗೆ ತಿದ್ದಬಹುದು, ಹೋದ ಮೇಲೆ ಇಲ್ಲ. ಅದೇ ಬಸ್ಸಿನಲ್ಲಿ ಲೈಲ್ ಕೂಡ ಅರ್ಕನ್ಸಾಸ್‌ಗೆ ಹೊರಟಿದ್ದ, ಅಣ್ಣನ ಮರದ ಮಿಲ್ಲಿಗೆ.

ಬಾಗಿಲಲ್ಲಿ ಲೈಲ್‌ನ ನೆರಳು ಬಿತ್ತು. ಕೈಯಲ್ಲಿ ಪೆಟ್ಟಿಗೆ. ಅವನ ಕಣ್ಣು ಕೆಂಪಾಗಿತ್ತು.

"ಒಂದೇ ಮಾತು ಕೇಳಿ ಹೋಗ್ತೀನಿ," ಅಂದ. "ಎರಡು ವರ್ಷದಲ್ಲಿ ಹದಿನಾರು ಸಲ ಅನುಮಾನದ ಚೆಂಡು. ಹದಿನಾರೂ ನಂಗೆ ವಿರುದ್ಧ. ನಾನು ನಿಂಗೆ ಏನು ಮಾಡಿದ್ದೆ ವೆರ್ನಾ?"

"ಹದಿನಾರಲ್ಲ," ಅಂದಳು ಅವಳು. "ಹತ್ತೊಂಬತ್ತು."

ಅವನು ಪೆಟ್ಟಿಗೆ ಕೆಳಗಿಟ್ಟ.

ಅವಳು ಎಲ್ಲ ಹೇಳಿದಳು. ಮಾಂಸದಂಗಡಿ, ಆ ನಗು, ಅಪ್ಪನ ಹೆಸರಿಗೆ ಮಸಿ ಬೀಳುತ್ತೆ ಅನ್ನೋ ಭಯ. ಪ್ರೀತಿ ಇದೆ ಅಂತ ಯಾರಿಗೂ ಕಾಣಬಾರದು ಅಂತ ಅವನ ಅನ್ನವನ್ನೇ ಕಸಿದದ್ದು. ಆ ಹಾಳೆಗಳೆಲ್ಲ ಹೋಗಿಬಿಟ್ಟಿವೆ, ತಿದ್ದೋ ಹಾಗಿಲ್ಲ.

ಅವನು ಮೇಜಿನ ಮೇಲಿದ್ದ ಹಾಳೆಗೆ ಬೆರಳಿಟ್ಟ. "ನಿನ್ನೆ ಬರೆದದ್ದು?" ಅಂದ. "ನನ್ನ ಇಲ್ಲೇ ಉಳಿಸ್ಕೊಳ್ಳೋಕೆ ಬರೆದ್ಯಾ?"

"ಗೊತ್ತಿಲ್ಲ ಲೈಲ್..." ಅವಳ ಕಣ್ಣು ತುಂಬಿತು. "ನಿಜವಾಗ್ಲೂ ಗೊತ್ತಿಲ್ಲ. ನಾನು ಕಂಡದ್ದು ಬರೆದೆನೋ, ಬೇಕಾದ್ದು ಬರೆದೆನೋ. ನನ್ನ ಕಣ್ಣಿನ ಮೇಲೆ ನಂಗೇ ನಂಬಿಕೆ ಇಲ್ಲ. ನೀನೇ ಹೇಳು. ಹಿಟ್ ಅಂದ್ರೆ ಈಗ್ಲೇ ತಿದ್ತೀನಿ."

ರಬ್ಬರನ್ನು ಅವನ ಮುಂದಿಟ್ಟಳು.

ಒಳಕೋಣೆಯಲ್ಲಿ ಅಪ್ಪನ ಕುರ್ಚಿ ಕಿರುಗುಟ್ಟುವುದು ನಿಂತಿತು.

ಲೈಲ್ ಆ ಹಾಳೆ ನೋಡಿದ. ಹತ್ತೊಂಬತ್ತು ಸಲ ಅವನಿಗೆ ಅನ್ಯಾಯವಾಗಿತ್ತು. ಇದೊಂದು ತಗೊಂಡರೆ ಯಾರು ತಾನೇ ಕೇಳುತ್ತಿದ್ದರು? ಅವನ ಕೈ ರಬ್ಬರಿನವರೆಗೆ ಹೋಯಿತು... ಅಲ್ಲೇ ನಿಂತಿತು.

"ಅವನು ಹಿಡೀಬೇಕಿತ್ತು," ಅಂದ. "ನಮ್ಮಜ್ಜಿ ಕೂಡ ಹಿಡೀತಿದ್ದಳು."

ಹಾಳೆ ಮಡಿಸಿ ಲಕೋಟೆಗೆ ಹಾಕಿದ್ದು ಅವನೇ. ಬಸ್ಸಿನ ಹಾರ್ನ್ ಕೇಳಿ ಲಕೋಟೆ ಹಿಡಿದು ಹೊರಗೆ ಓಡಿದ. ಪೆಟ್ಟಿಗೆ ನೆಲದ ಮೇಲೇ ಇತ್ತು. ವೆರ್ನಾ ಅದನ್ನೇ ನೋಡುತ್ತ ನಿಂತಳು. ಬಸ್ಸು ಧೂಳೆಬ್ಬಿಸಿ ಹೊರಟಿತು.

ಧೂಳಿನಿಂದ ಅವನು ಬರಿಗೈಯಲ್ಲಿ ನಡೆದು ಬಂದ.

"ನನ್ನ ಮೇಲೆ ಕೋಪ ಇಲ್ವಾ?" ಅಂದಳು.

"ಇದೆ. ಬಹಳ ದಿನ ಇರುತ್ತೆ. ಇಲ್ಲೇ ಇದ್ದು ಕೋಪ ಮಾಡ್ಕೋತೀನಿ." ಅವನು ಹತ್ತಿರ ಬಂದ. "ನೀನು ನನ್ನ ಪ್ರೀತಿಸ್ತೀಯ ಅಂದೆಯಲ್ಲ, ಅದ್ರಲ್ಲಿ ನಂಗಿನ್ನೂ ಸ್ವಲ್ಪ ಅನುಮಾನ ಇದೆ."

ವೆರ್ನಾ ಕಣ್ಣೊರೆಸಿಕೊಂಡಳು. ಮಸಿ ಕೆನ್ನೆಗೆಲ್ಲ ಹರಡಿತು.

"ಅನುಮಾನ ಇದ್ರೆ ಹೊಡೆದವನಿಗೇ," ಅಂದಳು. "ಈ ಸಲ ನಿಂಗೇ."

ಮಸಿ ಎಲ್ಲಿದೆ ಅಂತ ಅವನು ಈ ಬಾರಿ ತೋರಿಸಲಿಲ್ಲ. ತಾನೇ ಒರೆಸಿದ.