ಬೆಚ್ಚಗಿದ್ದ ಹ್ಯಾಂಡಲು

ನಾನು ಸುಲಭಕ್ಕೆ ಹೆದರುವ ಹೆಂಗಸಲ್ಲ. ಬರ್ಮಿಂಗ್‌ಹ್ಯಾಮಿಗೆ ಕಾಲುವೆಯಲ್ಲಿ ಕಲ್ಲಿದ್ದಲು ಒಯ್ಯುವ ದೋಣಿಯಲ್ಲೇ ಸಂಸಾರ ಮಾಡಿದವಳು. ದೋಣಿಯನ್ನು ಮೇಲಿನ ನೀರಿಗೆ ಏರಿಸುವ ಬಾಗಿಲಿನ ತೊಟ್ಟಿ, ಅಂದರೆ ಲಾಕು, ಹತ್ತಿರವಾದರೆ ಹೆಂಡತಿ ದಡಕ್ಕಿಳಿದು ಮುಂದೆ ಓಡಬೇಕು, ಹ್ಯಾಂಡಲು ತಿರುಗಿಸಿ ನೀರು ಇಳಿಸಿ ಬಾಗಿಲು ತೆರೆದಿಡಬೇಕು. ಆಮೇಲೆ ಹ್ಯಾಂಡಲು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಅದನ್ನು ಯಾರೂ ಬಿಟ್ಟು ಬರುವುದಿಲ್ಲ.

ಆ ಮಂಜಿನ ಬೆಳಿಗ್ಗೆ ದೋಣಿಯ ಒಳಕೋಣೆಯಲ್ಲಿ ಒಲೆಯ ಮುಂದೆ ಕೂತು ತಡಮಾಡಿಬಿಟ್ಟೆ. ಗಡಬಡಿಸಿ ಹೊರಬಂದರೆ ದೋಣಿ ಆಗಲೇ ಲಾಕಿನೊಳಗಿತ್ತು. ಚುಕ್ಕಾಣಿ ಹಿಡಿದಿದ್ದ ಗಂಡ ಜೇಬೆಜ್ ಬೆಚ್ಚಿಬಿದ್ದ.

"ಏ ಕೆಜಾಯಾ, ಒಳಗ್ಯಾವಾಗ ಬಂದೆ? ಈಗಷ್ಟೇ ಬಾಗ್ಲು ತೆಗ್ದು ಕೈ ಬೀಸ್ದ್ಯಲ್ಲೇ!"

"ಬೆಳಬೆಳಿಗ್ಗೇನೇ ಏರಿಸ್ಕೊಂಡಿದ್ಯಾ? ನಾನು ಒಲೆ ಬಿಟ್ಟು ಎದ್ದೇ ಇಲ್ಲ."

ಅವನು ನಗಲಿಲ್ಲ.

ದಡ ಹತ್ತಿದೆ. ಹುಲ್ಲಿನ ಮೇಲಿನ ಹಿಮದಲ್ಲಿ ಒಂದು ಹೆಜ್ಜೆಯೂ ಮೂಡಿರಲಿಲ್ಲ. ಹ್ಯಾಂಡಲೊಂದು ಬಾಗಿಲ ಪಕ್ಕದ ಕಂಬದಲ್ಲೇ ಇತ್ತು. ಮುಟ್ಟಿದರೆ, ಈಗತಾನೇ ಯಾರೋ ಕೈಬಿಟ್ಟಂತೆ ಬೆಚ್ಚಗೆ. ಹಿಡಿಗೆ ಸುತ್ತಿದ್ದ ಕೆಂಪು ಬಟ್ಟೆ ನನ್ನ ಮದುವೆಯ ಲಂಗದ್ದು, ಹಾಕಿದ ಗಂಟೂ ನನ್ನದೇ. ಅದೇ ಬಟ್ಟೆ ಸುತ್ತಿದ ನನ್ನ ಹ್ಯಾಂಡಲು ಮಾತ್ರ ನನ್ನ ಸೊಂಟದಲ್ಲೇ ಇತ್ತು.

ಈಗ ಎರಡೂ ಹ್ಯಾಂಡಲು ಒಳಕೋಣೆಯ ಒಂದೇ ಮೊಳೆಗೆ ನೇತಾಡುತ್ತವೆ. ಜೇಬೆಜ್ ನನ್ನನ್ನು ಮುಂದೆ ಕಳಿಸುವುದಿಲ್ಲ, ತಾನೇ ಓಡುತ್ತಾನೆ. ಆದರೆ ಕೆಲವು ದಿನ ಬೆಳಿಗ್ಗೆ ಮೊಳೆಯಲ್ಲಿ ಒಂದೇ ಹ್ಯಾಂಡಲು ಇರುತ್ತದೆ. ಅಂದು ಅವನು ಹೋಗುವಷ್ಟರಲ್ಲಿ ಲಾಕಿನ ಬಾಗಿಲು ತೆರೆದಿರುತ್ತದೆ.