ಕಿಂಡಿಯಾಚೆಯ ಒಂಬತ್ತು

ನಾಲ್ಕನೆಯ ಬಟ್ಟಲನ್ನು ಕಿಂಡಿಯೊಳಕ್ಕೆ ತಳ್ಳಿ ಅವಳು ಕೈ ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ, ಆ ಕಡೆಯಿಂದ ಒಂದು ಬೆರಳು ಅವಳ ಉಗುರನ್ನು ಮೆಲ್ಲಗೆ ತಟ್ಟಿತು.

"ಮೇಡಂ, ಇದು ನಿಮ್ಮ ಜೋಳ, ಅಲ್ವಾ?"

ರುಚಿ ನೋಡುವ ಕೋಣೆಯಲ್ಲಿ ಉರಿಯುವುದು ಕೆಂಪು ದೀಪವೊಂದೇ. ಆ ಬೆಳಕಿನಲ್ಲಿ ಬಿಳಿ ಮೆಕ್ಕೆಜೋಳದ ಗಂಜಿಯೂ ಒಂದೇ, ಅವಳು ಬೆಳೆಸಿದ ಕಿತ್ತಳೆ ಬಣ್ಣದ ಜೋಳದ ಗಂಜಿಯೂ ಒಂದೇ. ಯಾವುದು ಯಾರದ್ದೆಂದು ತಿನ್ನುವವರಿಗೆ ತಿಳಿಯಕೂಡದು.

"ಹೇಗೆ ಗೊತ್ತಾಯ್ತು?"

"ಬೇರೆ ಬಟ್ಟಲು ಇಟ್ಟ ತಕ್ಷಣ ನಿಮ್ಮ ಕೈ ಓಡಿಹೋಗುತ್ತೆ. ಇದರ ಹತ್ತಿರ ಮಾತ್ರ ನಿಲ್ಲುತ್ತೆ. ಮಗೂನ ಮೊದಲ ದಿನ ಸ್ಕೂಲಿಗೆ ಬಿಟ್ಟವರ ಹಾಗೆ."

ಅವನು ಸಂಶೋಧನಾ ಕೇಂದ್ರದ ಕ್ಯಾಂಟೀನಿನ ಅಡುಗೆಯವನು. ರುಚಿ ಹಿಡಿಯುವುದರಲ್ಲಿ ಅಷ್ಟು ಚುರುಕು ನಾಲಿಗೆ ಅಲ್ಲಿ ಇನ್ನೊಬ್ಬರಿಗಿರಲಿಲ್ಲ. ಕ್ಯಾಂಟೀನಿನಲ್ಲಿ ಆವಿಯ ಹಿಂದೆ ಅರ್ಧ ಮುಖ, ಇಲ್ಲಿ ಕಿಂಡಿಯಷ್ಟು ಕೈ. ಎರಡನ್ನೂ ಸೇರಿಸಿ ಒಬ್ಬ ಪೂರ್ತಿ ಮನುಷ್ಯನನ್ನು ಮಾಡುವ ಕೆಲಸ ಮೂರು ತಿಂಗಳಿಂದ ಅವಳ ಕನಸಿನ ಪಾಲಿಗೆ ಬಿದ್ದಿತ್ತು. ಎಚ್ಚರವಾದ ಮೇಲೂ ದಿಂಬಿನ ಮೇಲೆ ಒಂದಿಷ್ಟು ಕೆಂಪು ಬೆಳಕು ಉಳಿದಿರುತ್ತಿತ್ತು.

"ಹಾಗಾದರೆ ನೀವು ಪ್ರತಿ ವಾರ ಕೊಟ್ಟ ಹತ್ತಕ್ಕೆ ಒಂಬತ್ತು?"

ಚಮಚದ ಸದ್ದು ನಿಂತಿತು. "ಕೈಗೆ ಕೊಟ್ಟಿದ್ದು."

"ಜೋಳಕ್ಕೆ?"

"ಆರು. ಕೊನೇಲಿ ಒಂಚೂರು ಹಸಿ ಹುಲ್ಲಿನ ವಾಸನೆ. ಮಕ್ಕಳು ಎರಡನೇ ತುತ್ತು ಕೇಳಲ್ಲ."

ಸಂಜೆಯಾದರೆ ಕಣ್ಣು ಕಾಣದೆ ಗೋಡೆ ತಡವುವ ಮಕ್ಕಳಿಗಾಗಿ ಏಳು ವರ್ಷ ತೆನೆಯಿಂದ ತೆನೆಗೆ ಎ ಜೀವಸತ್ವ ಹೆಚ್ಚಿಸುತ್ತ ಬಂದಿದ್ದಳು. ಆ ಮಕ್ಕಳೇ ಉಗುಳಿದರೆ? ನಾಳೆ ವರದಿ ಹೋಗಬೇಕು. ಈ ಒಂಬತ್ತನ್ನು ನಂಬಿ ಬೀಜ ಹಂಚಿಬಿಟ್ಟರೆ ಏಳು ವರ್ಷವೂ ನೀರುಪಾಲು.

"ಮೂರು ತಿಂಗಳು ನನ್ನ ಕಿವಿ ಮೇಲೆ ಹೂವಿಟ್ಟಿರಲ್ಲ!"

"ಇಟ್ಟೆ. ಒಪ್ಪುತ್ತೆ ನಿಮಗೆ."

"ನಗಿಸಬೇಡಿ. ಕೋಪದಲ್ಲಿದೀನಿ." ಕೋಪವೇನೋ ನಿಜ; ಆದರೆ ಕಿವಿ ಬೆಚ್ಚಗಾಗಿದ್ದು ಕೋಪಕ್ಕಲ್ಲ. "ಇವತ್ತೇ ಯಾಕೆ ಹೇಳಿದಿರಿ?"

"ನನ್ನ ಸುಳ್ಳು ನಾಳೆ ನಿಮ್ಮ ಹೆಸರು ಹೊತ್ತು ಹೋಗುತ್ತಲ್ಲ, ಅದಕ್ಕೆ."

ಅವಳು ಬಗ್ಗಿ ಮೊದಲ ಸಲ ಕಿಂಡಿಯೊಳಗೆ ನೋಡಿದಳು. ಕೆಂಪಿನಲ್ಲಿ ಮುಳುಗಿದ ಎರಡು ಕಣ್ಣು. ಅವು ತಪ್ಪಿಸಿಕೊಳ್ಳಲಿಲ್ಲ. ನೋಡುತ್ತಲೇ ಅವಳು ಪೆನ್ನು ತೆಗೆದು, ಅಂಕದ ಹಾಳೆಯ ಮೇಲಿನ ಒಂಬತ್ತುಗಳನ್ನು ಒಂದೊಂದಾಗಿ ಹೊಡೆದುಹಾಕಿದಳು.

"ವರದಿ ನಿಲ್ಲಿಸ್ತೀನಿ. ಆ ವಾಸನೆ ಹೋಗೋವರೆಗೂ ಮತ್ತೆ ಬಿತ್ತೋದೇ. ಮುಂದಿನ ಸಲ ಬಟ್ಟಲು ಬೇರೆಯವರು ಕೊಡ್ತಾರೆ, ನನ್ನ ಕೈ ನಿಮಗೆ ಕಾಣಲ್ಲ. ಆ ಆರು ಹೇಳಿದ ನಾಲಿಗೆ ನನಗೆ ಬೇಕು. ಬರ್ತೀರಲ್ಲ?"

"ಇಲ್ಲ."

"ಯಾಕೆ?"

"ಕೈ ಕಾಣದಿದ್ರೆ ನಾಲ್ಕು ಬಟ್ಟಲಲ್ಲೂ ಆ ಕೈಯನ್ನೇ ಹುಡುಕ್ತೀನಿ, ಅಂಕ ಮತ್ತೆ ಸುಳ್ಳಾಗುತ್ತೆ. ನಿಮ್ಮನ್ನ ನೋಡೋಕೆ ಬಾಗಿಲಿಂದ ಕರೆದ್ರೆ ಈಗಲೇ ಬರ್ತೀನಿ. ಕಿಂಡಿಗೆ ಮಾತ್ರ ಬರಲ್ಲ."